ಅಂಗಿಯಲ್ಲಿ ಮಿನುಗುವ ಗಾಜು

ಪ್ರಶ್ನೆ: ನಮ್ಮವರು ಮಲ್ಪೆ ಹತ್ತಿರ ಫೈಬರ್ ಬೋಟಿನ ಕೆಲಸಕ್ಕೆ ಹೋಗುತ್ತಾರೆ. ಒಂಬತ್ತು ವರ್ಷ ಆಯಿತು. ಸಂಜೆ ಮನೆ ಹಿಂದಿನ ಶೆಡ್ಡಿನಲ್ಲಿ ಫೈಬರ್ ಮೂರ್ತಿ ಮಾಡುತ್ತಾರೆ. ಮದುವೆ ಹಾಲ್‌ನ ಆನೆ, ಹೋಟೆಲ್ ಮುಂದೆ ನಿಲ್ಲಿಸುವ ಯಕ್ಷಗಾನದ ಗೊಂಬೆ, ಹೀಗೆ. ಮನೆಗೆ ಬಂದಾಗ ಅಂಗಿ ಮೇಲೆ ಗಾಜಿನ ಪುಡಿ ಮಿನುಗುತ್ತಿರುತ್ತದೆ. ಎಲ್ಲರ ಬಟ್ಟೆ ಒಟ್ಟಿಗೆ ಒಗೆದರೆ ನನಗೂ ಮೈ ತುರಿಸುತ್ತದೆ. ಮಗುವಿಗೆ ಒಂದೂವರೆ ವರ್ಷ, ಅದರ ಕುತ್ತಿಗೆಯಲ್ಲೂ ಕೆಂಪು ಗುಳ್ಳೆ ಎದ್ದಿದೆ. ಪಕ್ಕದ ಮನೆಯವರು "ಇದು ಅಸ್ಬೆಸ್ಟಾಸ್ ಇದ್ದ ಹಾಗೆ, ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್" ಅಂದರು. ಊಟದಲ್ಲಿ ಬಿದ್ದರೆ ಕರುಳು ಕೊಯ್ಯುತ್ತದೆ ಅಂತಲೂ ಹೇಳಿದರು. ಧೂಳು ಇಳಿಯಲಿ ಅಂತ ಅತ್ತೆ ದಿನಾ ರಾತ್ರಿ ಇವರಿಗೆ ಬೆಲ್ಲ ಕೊಡುತ್ತಾರೆ. ಎಕ್ಸ್‌ರೇ ಮಾಡಿಸಿದೆವು, ಡಾಕ್ಟರು ಏನೂ ಇಲ್ಲ ಅಂದರು. ಮಳೆಗಾಲದಲ್ಲಿ ಮಾತ್ರ ಇವರಿಗೆ ಸಂಜೆ ತಲೆನೋವು, ಸುಮ್ನೆ ಸಿಟ್ಟು. ಈ ಕೆಲಸ ಬಿಡಿಸಬೇಕಾ?

ಉತ್ತರ: ನಿಮ್ಮ ಪತ್ರದ ತುಂಬಾ ಗಾಜು ಇದೆ. ತಲೆನೋವಿಗೆ ಸಿಕ್ಕಿದ್ದು ಒಂದೇ ಸಾಲು, ಅದೂ ಕೊನೆಯಲ್ಲಿ. ನನ್ನ ಕಣ್ಣು ನಿಂತಿದ್ದು ಆ ಸಾಲಿನ ಮೇಲೆ.

ನಾನು ಡಾಕ್ಟರ್ ಅಲ್ಲ, ಫೈಬರ್ ಕೆಲಸದ ಇಂಜಿನಿಯರ್. ಇಪ್ಪತ್ತಾರು ವರ್ಷ ಇದೇ ವಾಸನೆಯಲ್ಲಿ ಕಳೆದಿದ್ದೇನೆ. ಮನೆಯವರೆಲ್ಲ ಗಾಜಿಗೆ ಹೆದರುತ್ತಾರೆ, ಯಾಕಂದ್ರೆ ಅದು ಕಣ್ಣಿಗೆ ಕಾಣುತ್ತದೆ, ಮೈಗೆ ಚುಚ್ಚುತ್ತದೆ. ಆ ಗಾಜನ್ನು ಹಿಡಿದು ಗಟ್ಟಿಯಾಗುವ ಅಂಟು ದ್ರವ, ಅಂದರೆ ರೆಸಿನ್‌ಗೆ ಯಾರೂ ಹೆದರುವುದಿಲ್ಲ, "ಸ್ವಲ್ಪ ವಾಸನೆ ಅಷ್ಟೇ" ಅಂತಾರೆ. ನಿಮ್ಮ ಮನೆಯಲ್ಲೂ ಹೆದರಿಕೆ ತಪ್ಪು ಕಡೆಗೆ ಹೋಗಿದೆ ಅನ್ನಿಸುತ್ತದೆ. ಆದರೂ ನೀವು ಕೇಳಿದ್ದು ಗಾಜಿನ ಬಗ್ಗೆ, ಅದನ್ನೇ ಮೊದಲು ಹೇಳುತ್ತೇನೆ.

ನಿಮ್ಮ ಯಜಮಾನರು ಬಳಸುವ ಆ ಬಿಳಿ ಮ್ಯಾಟ್ ಇದೆಯಲ್ಲ, ಅದು ನಿಜವಾಗಿಯೂ ಗಾಜೇ. 1,400 ಡಿಗ್ರಿ ದಾಟಿದ ಕುಲುಮೆಯಲ್ಲಿ ಕರಗಿಸಿದ ಗಾಜನ್ನು ಪ್ಲಾಟಿನಂ ಮಿಶ್ರಲೋಹದ ತಟ್ಟೆಯ ತೂತುಗಳಿಂದ ಕೆಳಗೆ ಇಳಿಸುತ್ತಾರೆ. ಒಂದೊಂದು ತಟ್ಟೆಗೆ ನೂರಾರು ತೂತು, ಕೆಲವಕ್ಕೆ ಸಾವಿರಾರು. ಶಾವಿಗೆ ಒರಳು ಅಂದುಕೊಳ್ಳಿ. ಇಳಿದ ಎಳೆಯನ್ನು ಕೆಳಗೆ ರಭಸದಿಂದ ತಿರುಗುವ ಡ್ರಮ್ಮು ಎಳೆದುಕೊಳ್ಳುತ್ತದೆ. ಎಳೆದಷ್ಟೂ ಸಣ್ಣಗಾಗುತ್ತದೆ, ಬೆರಳ ತುದಿಯಲ್ಲಿ ಪಾಕ ಎಳೆ ಬಂದ ಹಾಗೆ. ಕೊನೆಗೆ ಎಳೆಯ ದಪ್ಪ 9ರಿಂದ 25 ಮೈಕ್ರಾನ್ ಇರುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್. ಎಳೆಗಳನ್ನು ತುಂಡು ಮಾಡಿ ಹಾಸಿ ಅಂಟಿಸಿದರೆ ಮ್ಯಾಟ್, ಕತ್ತರಿಸದೆ ಸುತ್ತಿದರೆ ರೋವಿಂಗ್.

ಎಸಿ ಡಕ್ಟಿಗೆ ಸುತ್ತುವ ಹಳದಿ ಗಾಜಿನ ಉಣ್ಣೆ ಬೇರೆ. ಅದನ್ನು ಜಾತ್ರೆಯಲ್ಲಿ ಬಾಂಬೆ ಮಿಠಾಯಿ ತಿರುಗಿಸಿದ ಹಾಗೆ ತಿರುಗಿಸಿ ಎರಚುತ್ತಾರೆ. ಅದರ ಎಳೆ ಇನ್ನೂ ಸಣ್ಣ.

ಈ ದಪ್ಪದ ಲೆಕ್ಕ ಸುಮ್ನೆ ಹೇಳುತ್ತಿಲ್ಲ. ಅಸ್ಬೆಸ್ಟಾಸ್ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ನಮ್ಮ ಮೂಗು, ಗಂಟಲು, ಶ್ವಾಸನಾಳಗಳು ದಪ್ಪ ಧೂಳನ್ನು ಮೇಲೆಯೇ ಹಿಡಿದು ಕಫದ ಜೊತೆ ಹೊರಗೆ ಕಳಿಸುತ್ತವೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಎಳೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕಕ್ಕೆ ಹಿಡಿಯುವುದು 3 ಮೈಕ್ರಾನಿಗಿಂತ ತೆಳ್ಳಗಿನದನ್ನು. ಬೋಟಿನ ಮ್ಯಾಟ್‌ನ ಎಳೆ ಕಡಿಮೆ ಅಂದರೂ ಅದರ ಮೂರು ಪಟ್ಟು ದಪ್ಪ.

ಮುರಿದರೆ ತೆಳ್ಳಗಾಗುವುದಿಲ್ಲವಾ ಅಂತ ಕೇಳಬಹುದು. ಹೂ ಕಟ್ಟುವಾಗ ಬಾಳೆನಾರು ಸೀಳಿದ್ದೀರಲ್ಲ? ಎಳೆದಷ್ಟೂ ಉದ್ದಕ್ಕೆ ಸೀಳುತ್ತಾ ಹೋಗುತ್ತದೆ, ಕೊನೆಗೆ ಕಣ್ಣಿಗೆ ಕಾಣದಷ್ಟು ಸಣ್ಣಗಾಗುತ್ತದೆ. ಅಸ್ಬೆಸ್ಟಾಸ್ ಆ ಜಾತಿ. ಅದರ ಕೊನೆಯ ಎಳೆ ಒಂದು ಮೈಕ್ರಾನಿನ ನೂರನೇ ಎರಡು ಮೂರು ಭಾಗಕ್ಕೆ ಬಂದುಬಿಡುತ್ತದೆ. ಗಾಜಿನ ಎಳೆ ಚಾಕ್‌ಪೀಸ್ ಇದ್ದ ಹಾಗೆ, ಅಡ್ಡಕ್ಕೆ ಮುರಿಯುತ್ತದೆ. ತುಂಡು ಗಿಡ್ಡವಾಗುತ್ತದೆ, ದಪ್ಪ ಅಷ್ಟೇ ಇರುತ್ತದೆ.

ಪಕ್ಕದ ಮನೆಯವರು ಪೂರ್ತಿ ಕಟ್ಟುಕಥೆ ಹೇಳಿಲ್ಲ ಅನ್ನುವುದನ್ನೂ ಹೇಳಬೇಕು. ಕ್ಯಾನ್ಸರ್ ಕಾರಣಗಳನ್ನು ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಫ್ರಾನ್ಸಿನ ಲಿಯಾನ್‌ನಲ್ಲಿದೆ. ಅದು 1988ರಲ್ಲಿ ಗಾಜಿನ ಉಣ್ಣೆಯನ್ನು "ಕ್ಯಾನ್ಸರ್ ತರಬಹುದು" ಅನ್ನುವ ಗುಂಪಿಗೆ ಹಾಕಿತ್ತು. ಆ ಸುದ್ದಿ ಎಲ್ಲ ಕಡೆ ಹರಡಿತು. 2001ರಲ್ಲಿ ಅದೇ ಸಂಸ್ಥೆ ಮತ್ತೆ ಕೂತು ನೋಡಿ, ಕಟ್ಟಡದ ಗಾಜಿನ ಉಣ್ಣೆಯನ್ನು, ನಿಮ್ಮ ಮ್ಯಾಟ್‌ನ ಜಾತಿಯ ಉದ್ದ ಎಳೆ ಮೊದಲಿನಿಂದಲೂ ಇದ್ದ, "ಕ್ಯಾನ್ಸರ್‌ಕಾರಕ ಅನ್ನಲು ಸಾಕಷ್ಟು ಪುರಾವೆ ಇಲ್ಲ" ಅನ್ನುವ ಗುಂಪಿಗೆ ಇಳಿಸಿತು. ಈ ಎರಡನೇ ಸುದ್ದಿ ಊರು ಮುಟ್ಟಲಿಲ್ಲ. ವಿಶೇಷ ಕೆಲಸಕ್ಕೆ ಮಾಡುವ ಅತಿ ಸಣ್ಣ ಗಾಜಿನ ಎಳೆ ಹಳೇ ಗುಂಪಿನಲ್ಲೇ ಉಳಿದಿದೆ. ಅದು ಬೋಟಿಗೂ ಬರುವುದಿಲ್ಲ, ಮೂರ್ತಿಗೂ ಬರುವುದಿಲ್ಲ.

ಒಂದು ಅಡ್ಡಮಾತು. ನಿಮ್ಮ ಶೆಡ್ಡಿನ ಮಾಡಿಗೆ ಏನು ಹೊದಿಸಿದ್ದೀರಿ? ಬೂದು ಬಣ್ಣದ ಸಿಮೆಂಟ್ ಶೀಟ್ ಆಗಿದ್ದರೆ, ಅಸ್ಬೆಸ್ಟಾಸ್ ಬಹುಶಃ ಅಲ್ಲಿದೆ, ಗಂಡನ ಅಂಗಿಯಲ್ಲಿ ಅಲ್ಲ. ಅದು ಸುಮ್ಮನೆ ಮೇಲೆ ಕೂತಿರುವ ತನಕ ಗಾಬರಿ ಬೇಡ. ಗ್ರೈಂಡರ್ ಹಾಕಿ ಕೊಯ್ಯುವುದು, ಡ್ರಿಲ್ ಹೊಡೆಯುವುದು, ಒಡೆದ ತುಂಡನ್ನು ಅಂಗಳದಲ್ಲಿ ಕುಟ್ಟಿ ಗುಂಡಿಗೆ ತುಂಬುವುದು, ಇವು ಬೇಡ.

ಊಟದ ಮಾತೂ ಅಷ್ಟೇ. ಅನ್ನದಲ್ಲಿ ನಾಲ್ಕು ಎಳೆ ಬಿದ್ದರೆ ಬಾಯಿ, ಗಂಟಲು ಚುರುಗುಟ್ಟಬಹುದು. ಕರುಳು ಕೊಯ್ಯುವುದೆಲ್ಲ ಸಿನಿಮಾದ ಮಾತು. ಅಷ್ಟು ಸಣ್ಣದು ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಹಾಗಂತ ಕೈ ತೊಳೆಯದೆ ಉಣ್ಣಲಿ ಅಂತ ನಾನು ಹೇಳುತ್ತಿಲ್ಲ.

ತುರಿಕೆ ಮಾತ್ರ ನಿಜ. ಅದು ಅಲರ್ಜಿ ಅಲ್ಲ, ವಿಷವೂ ಅಲ್ಲ. ದಪ್ಪ ಎಳೆಯೇ ಚರ್ಮಕ್ಕೆ ಜಾಸ್ತಿ ಚುಚ್ಚುತ್ತದೆ. ಶ್ವಾಸಕೋಶವನ್ನು ಕಾಪಾಡುವ ಅದೇ ದಪ್ಪ ಚರ್ಮಕ್ಕೆ ಮುಳ್ಳು. 1893ರಲ್ಲಿ ಷಿಕಾಗೋದ ದೊಡ್ಡ ವಸ್ತುಪ್ರದರ್ಶನದಲ್ಲಿ ಎಡ್ವರ್ಡ್ ಲಿಬ್ಬಿ ಎನ್ನುವ ಗಾಜಿನ ಉದ್ಯಮಿ ಗಾಜಿನ ಎಳೆಯನ್ನು ರೇಷ್ಮೆ ಜೊತೆ ನೇಯಿಸಿ ಒಬ್ಬ ನಟಿಗೆ ಉಡುಪನ್ನೇ ಮಾಡಿಸಿದ್ದ. ಜನ ಬಾಯಿ ಬಿಟ್ಟು ನೋಡಿದರು. ಆದರೆ ಉಡುಪು ಅಂತ ಸಾಮಾನ್ಯರ ಮನೆಗೆ ಬರಲಿಲ್ಲ. ಆಗಿನ ಎಳೆ ಹಾಗೆ ದಪ್ಪ, ಪೆಡಸು. ಸಣ್ಣ ಎಳೆಯನ್ನು ರಾಶಿಗಟ್ಟಲೆ ತೆಗೆಯುವ ದಾರಿ ಸಿಕ್ಕಿದ್ದು 1932ರಲ್ಲಿ, ಅದೂ ಆಕಸ್ಮಿಕವಾಗಿ. ಡೇಲ್ ಕ್ಲೈಸ್ಟ್ ಎನ್ನುವ ಅಮೆರಿಕದ ಹುಡುಗ ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ಹೋದಾಗ, ಒತ್ತಡದ ಗಾಳಿ ಕರಗಿದ ಗಾಜಿಗೆ ಬಡಿದು ಎಳೆ ಎಳೆಯಾಗಿ ಚಿಮ್ಮಿತು.

ಈಗ ನಿಮ್ಮ ಮನೆಯ ಬಟ್ಟೆಗೆ ಬರೋಣ. ಕೆಲಸದ ಬಟ್ಟೆಯನ್ನು ಮನೆಯೊಳಗೆ ತರುವುದೇ ಬೇಡ. ಶೆಡ್ಡಿನ ಹೊರಗೆ ಕೊಡವಿ, ಬೇರೆ ಬಕೆಟ್ಟಿನಲ್ಲಿ ನೆನೆಹಾಕಿ, ಬೇರೆಯಾಗಿಯೇ ಒಗೆಯಿರಿ. ವಾಷಿಂಗ್ ಮಶೀನ್ ಇದ್ದರೆ ಅದಕ್ಕೆ ಹಾಕಲೇಬೇಡಿ. ಡ್ರಮ್ಮಿನಲ್ಲಿ ಉಳಿದ ಎಳೆ ಮುಂದಿನ ಸಲ ಮಗುವಿನ ಬನಿಯನ್ನಿಗೆ ಹತ್ತುತ್ತದೆ. ನಿಮ್ಮ ಮಗುವಿನ ಕುತ್ತಿಗೆಯ ಗುಳ್ಳೆಗೆ ನನ್ನ ಮೊದಲ ಅನುಮಾನ ಈ ಬಟ್ಟೆಯ ಮೇಲೆಯೇ. ಎರಡನೆಯದು, ಕೆಲಸದಿಂದ ಬಂದ ಅಪ್ಪ ಅದೇ ಅಂಗಿಯಲ್ಲಿ ಮಗುವನ್ನು ಎತ್ತಿಕೊಳ್ಳುವುದು. ಹತ್ತು ದಿನ ಬಟ್ಟೆ ಬೇರೆ ಮಾಡಿ ನೋಡಿ. ಆಮೇಲೂ ಗುಳ್ಳೆ ಹೋಗದಿದ್ದರೆ ಅದು ಬೆವರುಸಾಲೆಯೋ ಇನ್ನೊಂದೋ ಇರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ.

ಅವರ ಮೈಗೆ ಎಳೆ ಹತ್ತಿದಾಗ ಉಜ್ಜಬಾರದು, ಕೆರೆಯಬಾರದು. ಮೊದಲು ತಣ್ಣೀರು ಸುರಿದುಕೊಳ್ಳಲಿ, ಆಮೇಲೆ ಸೋಪು. ಮೊಣಕೈ ಮಡಿಕೆಯಲ್ಲಿ, ಕುತ್ತಿಗೆಯಲ್ಲಿ ಸಿಕ್ಕಿಕೊಂಡಿದ್ದರೆ ಪಾರ್ಸೆಲ್ಲಿಗೆ ಹಾಕುವ ಕಂದು ಟೇಪನ್ನು ಮೆತ್ತಗೆ ಒತ್ತಿ ಎತ್ತಿದರೆ ಎಳೆ ಟೇಪಿಗೆ ಬರುತ್ತದೆ. ಕೈಗೆ ಅಂಟಿದ ರೆಸಿನ್ ತೆಗೆಯಲು ಅಸಿಟೋನ್‌ನಲ್ಲಿ ಕೈ ಅದ್ದುವ ಅಭ್ಯಾಸ ನಮ್ಮವರಲ್ಲಿ ಎಲ್ಲರಿಗೂ ಇದೆ, ನನಗೂ ಇತ್ತು. ಅದು ಚರ್ಮದ ಎಣ್ಣೆಯನ್ನೆಲ್ಲ ಎಳೆದುಬಿಡುತ್ತದೆ. ಚರ್ಮ ಒಡೆದು, ಆ ಬಿರುಕಿನೊಳಗೆ ಗಾಜು ಇನ್ನೂ ಸಲೀಸಾಗಿ ಇಳಿಯುತ್ತದೆ.

ಬೆಲ್ಲದ ವಿಷಯಕ್ಕೆ ಅತ್ತೆಯ ಜೊತೆ ಜಗಳ ಬೇಡ. ಬೆಲ್ಲ ಹೋಗುವುದು ಅನ್ನನಾಳಕ್ಕೆ, ಧೂಳು ಹೋಗುವುದು ಶ್ವಾಸನಾಳಕ್ಕೆ. ಲಖನೌದ ವಿಜ್ಞಾನಿಗಳು 1990ರ ದಶಕದಲ್ಲಿ ಇಲಿಗಳಿಗೆ ಬೆಲ್ಲ ತಿನ್ನಿಸಿ ಪ್ರಯೋಗ ಮಾಡಿ, ಸ್ವಲ್ಪ ಒಳ್ಳೆಯದಾಗಬಹುದು ಅಂದಿದ್ದುಂಟು. ಇಲಿಯ ಲೆಕ್ಕ ನಂಬಿ ಮಾಸ್ಕ್ ಬಿಡುವಂತಿಲ್ಲ. ಒಂದು ತುಂಡು ಬೆಲ್ಲ ಪ್ರೀತಿಯಿಂದ ಕೊಟ್ಟರೆ ತಿನ್ನಲಿ, ಶುಗರ್ ಇಲ್ಲದಿದ್ದರೆ.

ಇನ್ನು ಆ ಒಂದು ಸಾಲಿನ ವಿಷಯ.

ರೆಸಿನ್ ಡಬ್ಬದಲ್ಲಿ ಇರುವುದು ಪಾಲಿಯೆಸ್ಟರ್, ಅದನ್ನು ತೆಳ್ಳಗೆ ಮಾಡಲು ಸ್ಟೈರೀನ್. ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ, ಕೆಲವು ರೆಸಿನ್‌ಗಳಲ್ಲಿ ಇನ್ನೂ ಜಾಸ್ತಿ, ಬರೀ ಸ್ಟೈರೀನೇ. ರೆಸಿನ್ ಗಟ್ಟಿಯಾಗುವಾಗ ಬಹುಪಾಲು ಸ್ಟೈರೀನ್ ಅದರೊಳಗೇ ಸೇರಿಹೋಗುತ್ತದೆ. ಉಳಿದದ್ದು ಗಾಳಿಗೆ. ಬ್ರಷ್ಷಿನಲ್ಲಿ ಬಳಿದು ರೋಲರ್ ಹೊಡೆಯುತ್ತಿರುವಾಗ, ತೆರೆದ ಅಚ್ಚಿನ ಮೇಲೆ ಬಗ್ಗಿದ ಮುಖಕ್ಕೆ ನೇರ ಬಡಿಯುವುದು ಅದೇ. ಆ ಸಿಹಿ ಸಿಹಿ ಘಾಟು ಅದರದ್ದೇ. ಅರ್ಧ ಗಂಟೆಯಲ್ಲಿ ಮೂಗು ಅದಕ್ಕೆ ಒಗ್ಗಿಕೊಳ್ಳುತ್ತದೆ. "ಈಗ ವಾಸನೆ ಇಲ್ಲ" ಅಂತ ಅವರು ಹೇಳಿದರೆ ಮೂಗು ಸೋತಿದೆ ಅಂತ ತಿಳಿಯಿರಿ. ಹೊರಗಿನಿಂದ ಬಂದ ನಿಮ್ಮ ಮೂಗು ಅವರ ಮೂಗಿಗಿಂತ ನಂಬಿಕಸ್ಥ.

ಮಳೆಗಾಲದಲ್ಲೇ ಯಾಕೆ ಅನ್ನುವುದು ಬೋಟಿನ ಊರಿನವರಿಗೆ ವಿವರಿಸಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟ್‌ಗಳಿಗೆ ಕಡಲು ಬಂದ್. 61 ದಿನ. ಆಗಲೇ ಎಲ್ಲ ಬೋಟ್ ದಡಕ್ಕೆ, ಎಲ್ಲ ರಿಪೇರಿ ಒಟ್ಟಿಗೆ. ಹೊರಗೆ ಜಡಿಮಳೆ. ನೀರು ತಾಗಿದರೆ ಫೈಬರ್ ಹಾಳು, ಅದಕ್ಕೆ ಸುತ್ತ ಟರ್ಪಾಲು ಕಟ್ಟುತ್ತಾರೆ. ಥಂಡಿಗೆ ರೆಸಿನ್ ಬೇಗ ಗಟ್ಟಿಯಾಗುವುದಿಲ್ಲ. ಗಟ್ಟಿಯಾಗುವ ತನಕ ಸ್ಟೈರೀನ್ ಆರುತ್ತಲೇ ಇರುತ್ತದೆ. ಇದರ ಮೇಲೆ ಬೋಟಿನ ಹೊಟ್ಟೆಯೊಳಗೆ ಇಳಿದು ಕೂತು ಮ್ಯಾಟ್ ಹಾಕಬೇಕು. ಸ್ಟೈರೀನ್ ಆವಿ ಗಾಳಿಗಿಂತ ಮೂರೂವರೆ ಪಟ್ಟು ಭಾರ. ಬಾವಿಯಂಥ ಜಾಗದಲ್ಲಿ ಅದು ಮೇಲೇರಿ ಹೋಗುವುದಿಲ್ಲ, ತುಂಬಿಕೊಳ್ಳುತ್ತದೆ. ಸಂಜೆ ಮನೆಗೆ ಬಂದು ಮತ್ತೆ ಶೆಡ್ಡಿನ ಬಾಗಿಲು ಹಾಕಿಕೊಂಡು ಮೂರ್ತಿ. ಅಂದರೆ ಎರಡು ಪಾಳಿ.

ಸ್ಟೈರೀನ್ ತಾಗುವುದು ನರಕ್ಕೆ. ತಲೆನೋವು, ತಲೆ ಭಾರ, ಕುಡಿಯದೆಯೇ ಅಮಲು ಬಂದ ಹಾಗೆ, ಸುಸ್ತು, ಕಿರಿಕಿರಿ. ನೀವು ಬರೆದ "ಸುಮ್ನೆ ಸಿಟ್ಟು" ಸುಮ್ನೆ ಅಲ್ಲದೆ ಇರಬಹುದು. ವರ್ಷಗಟ್ಟಲೆ ಜಾಸ್ತಿ ಉಸಿರಾಡಿದವರಲ್ಲಿ ಬಣ್ಣ ಗುರುತಿಸುವುದು ಮಂಕಾಗಿದ್ದು, ಕಿವಿ ಮಂದವಾಗಿದ್ದು ಅಧ್ಯಯನಗಳಲ್ಲಿ ಕಂಡಿದೆ. ಗ್ರೈಂಡರಿನ ಸದ್ದೂ ಸೇರಿದರೆ ಕಿವಿಗೆ ಇನ್ನೂ ಕೆಟ್ಟದ್ದು. ಗಾಜಿನ ಉಣ್ಣೆಯನ್ನು 2001ರಲ್ಲಿ ಕೆಳಗೆ ಇಳಿಸಿದ ಅದೇ ಲಿಯಾನ್ ಸಂಸ್ಥೆ 2018ರಲ್ಲಿ ಸ್ಟೈರೀನನ್ನು ಮೇಲಕ್ಕೆ ಹತ್ತಿಸಿತು, "ಬಹುಶಃ ಕ್ಯಾನ್ಸರ್‌ಕಾರಕ" ಅನ್ನುವ ಗುಂಪಿಗೆ. ಆ ಗುಂಪು ಪುರಾವೆ ಎಷ್ಟು ಗಟ್ಟಿ ಅನ್ನುವುದನ್ನು ಹೇಳುತ್ತದೆ. ನಿಮ್ಮ ಗಂಡನಿಗೆ ರೋಗ ಬರುತ್ತದೆ ಅಂತ ಹೇಳುವುದಿಲ್ಲ. ಆದರೆ ಗಾಜಿಗೂ ವಾಸನೆಗೂ ನಡುವೆ ಯಾವುದಕ್ಕೆ ಹೆದರಬೇಕು ಅಂದರೆ ನನ್ನ ಉತ್ತರ ಇದೇ.

ಕಲಾವಿದರೂ ಇದೇ ಪಾಠ ಕಲಿತಿದ್ದಾರೆ, ಕಷ್ಟಪಟ್ಟು. ಫ್ರಾನ್ಸಿನಲ್ಲಿ ಹುಟ್ಟಿದ ನಿಕಿ ದ ಸ್ಯಾಂ ಫಾಲ್ ಎನ್ನುವ ಕಲಾವಿದೆ ಬಣ್ಣ ಬಣ್ಣದ, ದುಂಡು ದುಂಡಾದ, ಕುಣಿಯುವ ಹೆಂಗಸರ ದೊಡ್ಡ ಮೂರ್ತಿಗಳನ್ನು ಪಾಲಿಯೆಸ್ಟರ್ ರೆಸಿನ್ ಮತ್ತು ಗಾಜಿನ ಎಳೆಯಲ್ಲಿ ಮಾಡಿದರು. ಎಷ್ಟೋ ಊರಿನ ಚೌಕಗಳಲ್ಲಿ ಅವು ನಿಂತಿವೆ. ಅವರ ಶ್ವಾಸಕೋಶ ಹಾಳಾಗಲು ಆ ಹೊಗೆ, ಆ ಧೂಳೇ ಕಾರಣ ಎನ್ನುವ ಮಾತಿದೆ. ಉಸಿರಿನ ತೊಂದರೆ ಕೊನೆಯ ತನಕ ಬಿಡಲಿಲ್ಲ, 2002ರಲ್ಲಿ ತೀರಿಕೊಂಡರು. ನ್ಯೂಯಾರ್ಕಿನ ಈವಾ ಹೆಸ್ಸೆ ಕೂಡ ಗಾಜಿನ ಎಳೆಯಲ್ಲಿ ಕೆಲಸ ಮಾಡಿದವರು, 1970ರಲ್ಲಿ 34ನೇ ವಯಸ್ಸಿಗೆ ಮೆದುಳಿನ ಗಡ್ಡೆಯಿಂದ ಹೋದರು. ಅದಕ್ಕೂ ರೆಸಿನ್ನೇ ಕಾರಣ ಅಂತ ಹೇಳುವವರಿದ್ದಾರೆ. ಅದು ಸಾಬೀತಾಗಿಲ್ಲ, ನಾನು ಹಾಗೆ ಹೇಳುವುದಿಲ್ಲ.

ಹೆಸ್ಸೆ ಮಾಡಿದ ಬಕೆಟ್ಟಿನಂಥ ಪಾತ್ರೆಗಳ ಸಾಲು ಈಗಲೂ ನ್ಯೂಯಾರ್ಕಿನ ಮ್ಯೂಸಿಯಂನಲ್ಲಿದೆ. ಗಾಜಿನ ಎಳೆ ಒಳಗೆ ಇದ್ದೂ ಬೆಳಕು ಹಾಯುವ ವಸ್ತು ಅದು. ಕಾಲ ಕಳೆದ ಹಾಗೆ ಇಂಥ ರೆಸಿನ್ ಹಳದಿಯಾಗುತ್ತದೆ. ನಿಮ್ಮವರು ಮೂರ್ತಿಗೆ ಬಣ್ಣ ಹಾಕದೆ ಬಿಟ್ಟರೆ ಬಿಸಿಲಿಗೆ ಆಗುವುದೂ ಅದೇ.

ಇಷ್ಟೆಲ್ಲ ಇದ್ದರೂ, ನಿಮ್ಮ ಶೆಡ್ಡಿನಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಇರುವುದು ನೀವು ಬರೆಯದೇ ಬಿಟ್ಟ ಒಂದು ವಸ್ತುವಿನ ಬಗ್ಗೆ.

ರೆಸಿನ್ ಗಟ್ಟಿಯಾಗಲು ಹನಿ ಲೆಕ್ಕದಲ್ಲಿ ಹಾಕುವ ಎರಡು ವಸ್ತು ಬೇಕು. ನೇರಳೆ ಬಣ್ಣದ ಕೋಬಾಲ್ಟ್, ನೀರಿನಂತೆ ತಿಳಿಯಾದ ಕ್ಯಾಟಲಿಸ್ಟ್. ಕೆಲವರು ಹಾರ್ಡನರ್ ಅಂತಾರೆ. ಕ್ಯಾಟಲಿಸ್ಟನ್ನು ದೊಡ್ಡ ಕ್ಯಾನಿನಿಂದ ಕುಡಿಯುವ ನೀರಿನ ಖಾಲಿ ಬಾಟಲಿಗೆ ಸುರಿದು, ಮುಚ್ಚಳಕ್ಕೆ ತೂತು ಮಾಡಿ ಇಟ್ಟುಕೊಳ್ಳುವುದು ನಾನು ಕಂಡ ಹತ್ತರಲ್ಲಿ ಎಂಟು ಶೆಡ್ಡುಗಳಲ್ಲಿ ಇದೆ. ಅದು ಮೇಜಿನ ಕಾಲಿನ ಹತ್ತಿರ, ನೆಲದ ಮೇಲೆ, ನಿಜವಾದ ನೀರಿನ ಬಾಟಲಿಯ ಪಕ್ಕದಲ್ಲೇ ಇರುತ್ತದೆ. ನಿಮ್ಮ ಮನೆಯಲ್ಲಿ ಒಂದೂವರೆ ವರ್ಷದ ಮಗು ಇದೆ. ಒಂದು ಗುಟುಕು ಗಂಟಲು, ಹೊಟ್ಟೆಯನ್ನು ಸುಟ್ಟುಬಿಡುತ್ತದೆ. ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಸಿಡಿದ ಕ್ಷಣಕ್ಕೇ ನೀರು ಸುರಿಯಬೇಕು, ಹದಿನೈದು ಇಪ್ಪತ್ತು ನಿಮಿಷ ಬಿಡದೆ, ಆಮೇಲೆ ಕಣ್ಣಾಸ್ಪತ್ರೆಗೆ. ಕನ್ನಡಕ ಹಾಕದೆ ಕ್ಯಾಟಲಿಸ್ಟ್ ಅಳೆಯಬಾರದು. ಬಾಯಿಗೆ ಹೋದರೆ ವಾಂತಿ ಮಾಡಿಸಬಾರದು, ಬಾಟಲಿ ಸಮೇತ ನೇರ ಆಸ್ಪತ್ರೆಗೆ ಓಡಬೇಕು.

ಕೋಬಾಲ್ಟ್ ಮತ್ತು ಕ್ಯಾಟಲಿಸ್ಟ್ ನೇರವಾಗಿ ಒಂದಕ್ಕೊಂದು ಬೆರೆಯಲೇಬಾರದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ತಿರುವಿ, ಆಮೇಲೆಯೇ ಕ್ಯಾಟಲಿಸ್ಟ್. ಎರಡೂ ನೇರ ಸೇರಿದರೆ ಭಗ್ ಅಂತ ಹತ್ತಿಕೊಳ್ಳುತ್ತದೆ, ಸಿಡಿಯಲೂಬಹುದು. ಇದು ಅವರಿಗೆ ಗೊತ್ತಿರುತ್ತದೆ. ಕಪಾಟಿನಲ್ಲಿ ಎರಡನ್ನೂ ಅಕ್ಕಪಕ್ಕ ಇಡಬಾರದು ಅನ್ನುವುದು ಮರೆತಿರುತ್ತದೆ.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ, ಸಂಜೆ ಉಳಿದ ರೆಸಿನ್ ಮಗ್ಗನ್ನು ಹಾಗೇ ಕಸದ ಡ್ರಮ್ಮಿಗೆ ಎಸೆದು ಮನೆಗೆ ಹೊರಟೆ. ಡ್ರಮ್ಮಿನಲ್ಲಿ ಅಸಿಟೋನ್ ಒರೆಸಿದ ಬಟ್ಟೆ ಇತ್ತು. ದಪ್ಪಗೆ ಉಳಿದ ರೆಸಿನ್ ಗಟ್ಟಿಯಾಗುವಾಗ ಕೈ ಇಡಲಾರದಷ್ಟು ಕಾಯುತ್ತದೆ, ಹೊಗೆ ಬರುತ್ತದೆ. ಗೇಟಿನ ಹತ್ತಿರ ಚಪ್ಪಲಿ ಹಾಕುವಷ್ಟರಲ್ಲಿ ವಾಚ್‌ಮನ್ ಕೂಗಿದ. ಡ್ರಮ್ಮು ಹೊರಗೆ ಇದ್ದಿದ್ದರಿಂದ ಬಚಾವ್. ಅವತ್ತಿನಿಂದ ಉಳಿದ ರೆಸಿನ್‌ಗೆ ನೀರು ತುಂಬಿ ಅಂಗಳದಲ್ಲಿ ಇಟ್ಟೇ ಮನೆಗೆ ಹೋಗುವುದು. ಸ್ಟೈರೀನ್‌ನ ಆವಿ ಸುಮಾರು 31 ಡಿಗ್ರಿಗೇ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಮಟ್ಟಕ್ಕೆ ಬರುತ್ತದೆ. ಏಪ್ರಿಲ್ ಮಧ್ಯಾಹ್ನ ನಿಮ್ಮೂರಲ್ಲಿ ಎಷ್ಟು ಡಿಗ್ರಿ ಇರುತ್ತದೆ ಅಂತ ನಿಮಗೇ ಗೊತ್ತು. ಶೆಡ್ಡಿಗೆ ಬೀಡಿ, ಸೊಳ್ಳೆ ಬತ್ತಿ, ಬೆಸುಗೆ ಯಾವುದೂ ಬೇಡ.

ಕೆಲಸ ಬಿಡಿಸಬೇಕಾ ಅಂದರೆ, ಈಗಲೇ ಬೇಡ. ಒಂಬತ್ತು ವರ್ಷ ಪಳಗಿದ ಕೈ ಸುಲಭಕ್ಕೆ ಸಿಗುವಂಥದ್ದಲ್ಲ. ಆದರೆ ಮಗು ಇರುವ ಮನೆಗೆ ಅಂಟಿದ ಶೆಡ್ಡಿನಲ್ಲಿ ರೆಸಿನ್ ಕೆಲಸ ನಿಲ್ಲಲೇಬೇಕು. ಈ ಮಾತಿನಲ್ಲಿ ನಾನು ರಾಜಿ ಆಗುವುದಿಲ್ಲ. ಮಣ್ಣಿನ ಮಾದರಿ, ಬಣ್ಣದ ಕೆಲಸ ಮನೆಯಲ್ಲಿ ಮಾಡಲಿ. ಮ್ಯಾಟ್ ಹಾಕುವ ಎರಡು ಮೂರು ದಿನದ ಕೆಲಸಕ್ಕೆ ಬೇರೆ ತೆರೆದ ಜಾಗ ಹುಡುಕಲಿ. ಬಾಡಿಗೆ ಕೊಡಬೇಕಾಗಬಹುದು, ಮೂರ್ತಿ ಸಾಗಿಸುವ ಖರ್ಚೂ ಬರುತ್ತದೆ. ಲಾಭ ಸ್ವಲ್ಪ ಕಡಿಮೆಯಾಗುತ್ತದೆ, ನಿಜ.

ಮಾಸ್ಕ್ ವಿಷಯದಲ್ಲಿ ಮೋಸ ಹೋಗುವವರೇ ಜಾಸ್ತಿ. ಕೊರೊನಾ ಕಾಲದ ಬಟ್ಟೆ ಮಾಸ್ಕ್, ಎನ್-95, ಮೂಗಿಗೆ ಕಟ್ಟಿದ ಬೈರಾಸು, ಯಾವುದೂ ಸ್ಟೈರೀನ್ ತಡೆಯುವುದಿಲ್ಲ. ಎನ್-95 ಧೂಳಿಗೆ ಒಳ್ಳೆಯದು, ಆವಿಗೆ ಅಲ್ಲ. ಆವಿಗೆ ಬೇಕಾದ್ದು ಎರಡು ಕಡೆ ಡಬ್ಬಿ ಇರುವ ರಬ್ಬರ್ ಮಾಸ್ಕ್, ಒಳಗೆ ಇದ್ದಿಲು ಇರುವಂಥದ್ದು. ಎರಡು ಮೂರು ಸಾವಿರ ರೂಪಾಯಿಗೆ ಸಿಗುತ್ತದೆ. ಅಂಗಡಿಯಲ್ಲಿ "ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್" ಅಂತಲೇ ಕೇಳಬೇಕು. ಕೆಲಸ ಮುಗಿದ ಮೇಲೆ ಅದನ್ನು ಮೊಳೆಗೆ ನೇತುಹಾಕಿದರೆ ರಾತ್ರಿಯಿಡೀ ವಾಸನೆ ಕುಡಿದು ಬೆಳಗ್ಗೆ ಹೊತ್ತಿಗೆ ಅರ್ಧ ಖಾಲಿ. ಗಾಳಿಯಾಡದ ಡಬ್ಬದಲ್ಲಿ ಮುಚ್ಚಿಡಬೇಕು. ಗಡ್ಡ ಇದ್ದರೆ ಅಂಚಿನಿಂದ ಗಾಳಿ ನುಗ್ಗುತ್ತದೆ, ದುಡ್ಡು ದಂಡ. ಮಾಸ್ಕ್ ಹಾಕಿದರೂ ಫ್ಯಾನ್ ಬೇಕು. ಅದನ್ನು ಬೆನ್ನ ಹಿಂದೆ ಇಟ್ಟು, ಗಾಳಿ ಬೋಟಿನ ಆಚೆ ತುದಿಯಿಂದ ಹೊರಗೆ ಹೋಗುವಂತೆ ಮಾಡಬೇಕು. ಟರ್ಪಾಲನ್ನು ಕೆಳಗಿನಿಂದ ಒಂದು ಮೊಳ ಎತ್ತಿ ಕಟ್ಟಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಗಟ್ಟಿಯಾದ ಫೈಬರ್ ಉಜ್ಜುವ ಧೂಳು ಮೂರನೇ ವಿಷಯ. ಗ್ರೈಂಡರ್ ಹಿಡಿದಾಗ ಏಳುವ ಬಿಳಿ ಹೊಗೆಯಂಥ ಧೂಳಿನಲ್ಲಿ ರೆಸಿನ್ ಪುಡಿ, ಗಾಜಿನ ಚೂರು, ಪುಟ್ಟಿ ಎಲ್ಲ ಇರುತ್ತದೆ. ಮ್ಯಾಟ್‌ನ ಎಳೆಗೆ ಕೊಟ್ಟ ಸರ್ಟಿಫಿಕೇಟ್ ಈ ಧೂಳಿಗೆ ಕೊಡಲಾರೆ. ಆದಷ್ಟು ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಲಿ. ಇನ್ನೂ ಒಳ್ಳೆಯದು, ರೆಸಿನ್ ಚಕ್ಕುಲಿ ಹಿಟ್ಟಿನಷ್ಟು ಗಟ್ಟಿ ಇರುವಾಗಲೇ ಅಂಚನ್ನು ಚೂರಿಯಲ್ಲಿ ಕೊಯ್ದುಬಿಡುವುದು. ಧೂಳೇ ಏಳುವುದಿಲ್ಲ.

ವಾಸನೆ ಇಲ್ಲದ ರೆಸಿನ್ ಇಲ್ಲವಾ ಅಂತ ಕೇಳುತ್ತೀರಿ. ಇಪಾಕ್ಸಿ ಇದೆ. ಅದರಲ್ಲಿ ಸ್ಟೈರೀನ್ ಇಲ್ಲ, ವಾಸನೆ ಕಡಿಮೆ, ಅದಕ್ಕೇ ಜನ ಬರಿಗೈಯಲ್ಲಿ ಮುಟ್ಟುತ್ತಾರೆ. ಒಮ್ಮೆ ಮೈ ಅದಕ್ಕೆ ತಿರುಗಿಬಿದ್ದರೆ ಜೀವನಪೂರ್ತಿ ಅಲರ್ಜಿ, ಹತ್ತಿರ ಸುಳಿದರೂ ಮುಖ ಊದಿಕೊಳ್ಳುತ್ತದೆ. ಈ ಕಾರಣಕ್ಕೇ ಕೆಲಸ ಬಿಟ್ಟ ಇಬ್ಬರು ಒಳ್ಳೆ ಕೆಲಸಗಾರರನ್ನು ನಾನು ಬಲ್ಲೆ. ಬೆಲೆಯೂ ಜಾಸ್ತಿ.

ಮನೆಯೊಳಗೆ, ಹಾಲ್‌ನೊಳಗೆ ನಿಲ್ಲುವ ಮೂರ್ತಿಗಾದರೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಮತ್ತು ಜಿಪ್ಸಂ ಮಿಶ್ರಣಕ್ಕೆ ಗಾಜಿನ ಮ್ಯಾಟ್ ಹಾಕಿ ಎರಕ ಹೊಯ್ಯುವ ಪದ್ಧತಿ ಇದೆ. ಸ್ಟೈರೀನ್ ಇಲ್ಲ, ಕೈ ನೀರಲ್ಲಿ ತೊಳೆದರೆ ಸಾಕು. ಮದುವೆ ಹಾಲ್‌ನ ಆನೆಗೆ ಧಾರಾಳ ಸಾಕು, ಮಳೆಗೆ ನಿಲ್ಲಿಸುವ ಗೊಂಬೆಗೆ ಬೇಡ. ಹೊರಗಿನದಕ್ಕೆ ಸಿಮೆಂಟಿನಲ್ಲಿ ಗಾಜಿನ ಎಳೆ ಸೇರಿಸಬಹುದು, ಭಾರ ಜಾಸ್ತಿ ಆಗುತ್ತದೆ. ಇಲ್ಲೊಂದು ಎಚ್ಚರಿಕೆ: ಬೋಟಿನ ಮ್ಯಾಟ್ ಮಿಕ್ಕಿದೆ ಅಂತ ಅದನ್ನೇ ಸಿಮೆಂಟಿಗೆ ಹಾಕಬಾರದು. ಸಿಮೆಂಟಿನ ಕ್ಷಾರ ಮಾಮೂಲಿ ಗಾಜನ್ನು ನಿಧಾನವಾಗಿ ತಿಂದುಹಾಕುತ್ತದೆ. ಕೆಲವೇ ವರ್ಷದಲ್ಲಿ ಮೂರ್ತಿಯ ಕೈ ಬೆರಳು ಹಪ್ಪಳದಂತೆ ಮುರಿಯುತ್ತವೆ. ಅದಕ್ಕೆ ಜಿರ್ಕೋನಿಯಾ ಸೇರಿಸಿದ ಬೇರೆ ಗಾಜಿನ ಎಳೆಯೇ ಬರುತ್ತದೆ, ಅದನ್ನೇ ಕೇಳಿ ತರಬೇಕು.

ಎಕ್ಸ್‌ರೇ ಸರಿ ಇದ್ದದ್ದು ಸಂತೋಷ. ಆದರೆ ಸ್ಟೈರೀನ್ ಎಕ್ಸ್‌ರೇಯಲ್ಲಿ ಕಾಣುವ ವಸ್ತುವಲ್ಲ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ "ಫೈಬರ್ ಕೆಲಸ" ಅಂತ ಮಾತ್ರ ಹೇಳಬೇಡಿ, "ಸ್ಟೈರೀನ್" ಅನ್ನುವ ಹೆಸರು ಹೇಳಿ. ಕೆಲಸ ಮುಗಿದ ಕೂಡಲೇ ಕೊಟ್ಟ ಮೂತ್ರದಲ್ಲಿ ಮ್ಯಾಂಡೆಲಿಕ್ ಆಸಿಡ್ ಎಷ್ಟಿದೆ ನೋಡಿದರೆ ಅವತ್ತು ಮೈಗೆ ಎಷ್ಟು ಸ್ಟೈರೀನ್ ಸೇರಿದೆ ಅಂತ ತಿಳಿಯುತ್ತದೆ. ದೊಡ್ಡ ಲ್ಯಾಬ್‌ಗಳಲ್ಲಿ ವಿಚಾರಿಸಬೇಕು. ಜೊತೆಗೆ ಊದಿಸುವ ಪರೀಕ್ಷೆ, ಅಂದರೆ ಸ್ಪೈರೋಮೆಟ್ರಿ, ಮತ್ತು ಕಿವಿಯ ಪರೀಕ್ಷೆ. ಅವರ ಬೋಟ್ ಯಾರ್ಡಿನಲ್ಲಿ ಇಎಸ್ಐ ಕಾರ್ಡ್ ಕೊಟ್ಟಿದ್ದರೆ ಅಲ್ಲೇ ಕೇಳಿ.

ಇದನ್ನೆಲ್ಲ ಓದಿ ಹೇಳಿದರೆ ಅವರು ನಕ್ಕುಬಿಡಬಹುದು. ಒಂಬತ್ತು ವರ್ಷ ಏನೂ ಆಗಿಲ್ಲ ಅನ್ನಬಹುದು. ವಾದ ಮಾಡಲು ಹೋಗಬೇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅದೇ ಚೌಕದ ಮೂಲೆಯಲ್ಲಿ ಎರಡು ಗುರುತು ಹಾಕಿ. ಮ್ಯಾಟ್ ಹಾಕಿದ ದಿನಕ್ಕೆ ಒಂದು ಗೀಟು, ತಲೆನೋವು ಬಂದ ದಿನಕ್ಕೆ ಒಂದು ಚುಕ್ಕಿ. ಜೂನ್ ಮುಗಿಯುವ ಹೊತ್ತಿಗೆ ಕ್ಯಾಲೆಂಡರನ್ನು ಕೆಳಗಿಳಿಸಿ ಅವರ ಮುಂದೆ ಇಡಿ. ಭಾನುವಾರದ ಸಾಲಿನಲ್ಲಿ ಎಷ್ಟು ಚುಕ್ಕಿ ಇದೆ ಅಂತ ಅವರೇ ಎಣಿಸಲಿ.